ಏಳು ವರ್ಷದ ಸಾಕ್ಷಿ ಸೀಸೆ

ಈ ಊರಿನಲ್ಲಿ, ಅಕ್ಕಪಕ್ಕದ ಹತ್ತು ಊರುಗಳಲ್ಲಿ, ಬೇಕಿದ್ದರೆ ಸಮುದ್ರದ ಆಚೆ ದಂಡೆಯನ್ನೂ ಸೇರಿಸಿಕೊಳ್ಳಿ, ನನ್ನ ಮೂಗಿನಂಥದು ಇನ್ನೊಂದು ಇರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಊರೇ ಹೇಳುತ್ತಿತ್ತು. ಊರು ಮರೆತ ದಿನ ಮಾತ್ರ ನಾನು ನೆನಪಿಸುತ್ತಿದ್ದೆ. ಬೀದಿಯ ಆ ತುದಿಯಲ್ಲಿ ಯಾರಾದರೂ ಸೋಪು ಬದಲಾಯಿಸಿದರೆ ಈ ತುದಿಯಲ್ಲಿ ಕೂತ ನನಗೆ ತಿಳಿಯುತ್ತಿತ್ತು. ನಮ್ಮ ಭಾವ ಬಸ್ಸಿನ ಡ್ರೈವರು. ಅವರು ಮನೆಗೆ ಬಂದು ಬೂಟು ಕಳಚುವ ಮೊದಲೇ ಅವತ್ತು ಯಾವ ದಾರಿಯಲ್ಲಿ ಗಾಡಿ ಓಡಿಸಿದ್ದಾರೆಂದು ಹೇಳಿ ಅವರ ಬಾಯಿ ಮುಚ್ಚಿಸಿದ್ದೇನೆ. ನೂರು ಸಲ ಹೇಳಿದ್ದರಲ್ಲಿ ಒಂದೇ ಸಲ ತಪ್ಪಿದ್ದು, ಅವತ್ತು ಅವರೇ ದಾರಿ ತಪ್ಪಿದ್ದರು.

ನನ್ನ ಕೆಲಸ ಎಣ್ಣೆ ಭಟ್ಟಿಯಲ್ಲಿ. ಒಣಗಿದ ಕೊತ್ತಂಬರಿ ಬೀಜವನ್ನು ಜಜ್ಜಿ, ಆಳೆತ್ತರದ ಉಕ್ಕಿನ ಹಂಡೆಗೆ ತುಂಬಿ, ಕೆಳಗಿನಿಂದ ಹಬೆ ನುಗ್ಗಿಸುತ್ತೇವೆ. ಹಬೆ ಬೀಜದ ಹೊಟ್ಟೆಯೊಳಗಿನದನ್ನು ಹೊತ್ತುಕೊಂಡು ಕೊಳವೆ ಹತ್ತಿ, ತಣ್ಣೀರಿನಲ್ಲಿ ಮುಳುಗಿದ ಸುರುಳಿಯಲ್ಲಿ ಇಳಿದು, ನೀರಾಗಿ ತೊಟ್ಟಿಕ್ಕುತ್ತದೆ. ಆ ನೀರಿನ ಮೇಲೆ ತೆಳ್ಳಗೆ ತೇಲುವುದೇ ಎಣ್ಣೆ. ಬಣ್ಣ ಇದೆಯೋ ಇಲ್ಲವೋ ಎಂದು ಜಗಳವಾಡಬಹುದಾದಷ್ಟು ತಿಳಿ. ನೂರು ಕಿಲೋ ಬೀಜಕ್ಕೆ ಒಂದು ಕಿಲೋ ಕೂಡ ಇಳಿಯುವುದಿಲ್ಲ. ನನ್ನ ಬಾಯಲ್ಲಿ ಅದು ಒಂದು ಬೆಟ್ಟಕ್ಕೆ ಒಂದು ಚಮಚ ಆಗುತ್ತಿತ್ತು. ಹಂಡೆ ಇಳಿದ ಮೇಲೆ ಉದ್ದನೆಯ ಕಾಗದದ ಪಟ್ಟಿಯನ್ನು ಎಣ್ಣೆಗೆ ಅದ್ದಿ ಆಗಲೇ ಒಮ್ಮೆ, ಗಂಟೆಯ ಮೇಲೆ ಒಮ್ಮೆ, ಮಾರನೆಯ ಬೆಳಿಗ್ಗೆ ಒಮ್ಮೆ ಮೂಸಿ, 'ಸರಿ' ಅಥವಾ 'ಬೇಡ' ಎನ್ನುವುದು ನನ್ನ ಕೆಲಸ. ಕಿಟಕಿಯ ಪಕ್ಕದಲ್ಲಿ ಅದಕ್ಕೆಂದೇ ಒಂದು ಕುರ್ಚಿ. ನಾನು 'ಬೇಡ' ಅಂದರೆ ನಮ್ಮ ಯಜಮಾನಿ ಕೂಡ ತುಟಿ ಬಿಚ್ಚುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಾಲ್ಕು ದಿನ ಜ್ವರ ಬಂತು. ಐದನೆಯ ದಿನ ಆ ಕುರ್ಚಿಯಲ್ಲಿ ಕೂತು ಪಟ್ಟಿಯನ್ನು ಮೂಗಿಗೆ ಹಿಡಿದೆ. ಬರಿಯ ಕಾಗದ. ಸೀಸೆಯನ್ನೇ ಮೂಗಿಗೆ ಒತ್ತಿದೆ, ನೀರು. ಮನೆಗೆ ಹೋಗಿ ಸೋಪು, ಸೀಮೆಎಣ್ಣೆ, ನನ್ನದೇ ಬೆವರಿನ ಅಂಗಿ, ಒಂದೊಂದನ್ನೂ ಮುಖಕ್ಕೆ ತಂದೆ. ಮನೆಯ ಒಳಗೂ ಹೊರಗೂ ಯಾರೋ ಒರೆಸಿ ಇಟ್ಟಂತಿತ್ತು. ಒಂದು ವಾರದಲ್ಲಿ ಬರುತ್ತದೆ ಅಂದುಕೊಂಡೆ, ಒಂದು ತಿಂಗಳಲ್ಲಿ ಅಂದುಕೊಂಡೆ. ಬರಲಿಲ್ಲ. ಯಾರಿಗೂ ಹೇಳಲಿಲ್ಲ. ನನ್ನಂಥವನು ಹೋಗಿ 'ನನ್ನ ಮೂಗು ಸತ್ತಿದೆ' ಎಂದು ಹೇಳುವುದೆಂದರೆ ಊರಿನ ಗಡಿಯಾರ ಕಂಬ ಇಳಿದು ಬಂದು 'ಗಂಟೆ ಎಷ್ಟಾಯಿತಪ್ಪ' ಎಂದು ಕೇಳಿದ ಹಾಗೆ.

ಹಾಗಾದರೆ ಕೆಲಸ ಹೇಗೆ ನಡೆಯಿತು? ಬಾಯ್ಲರ್ ನೋಡಿಕೊಳ್ಳುವವನೊಬ್ಬನಿದ್ದಾನೆ. ದಿನವಿಡೀ ಸಿಳ್ಳೆ ಹಾಕುವುದರಿಂದ ಅವನ ಹೆಸರೇ ಸೀಟಿ. ನನ್ನ ಓರಗೆಯವನು, ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಎಣ್ಣೆ ಚೆನ್ನಾಗಿ ಇಳಿದರೆ ಅವನ ಎಡ ಹುಬ್ಬು ಮೇಲೇಳುತ್ತದೆ. ತಳ ಹಿಡಿದಿದ್ದರೆ ಕಿವಿ ತುರಿಸಿಕೊಳ್ಳುತ್ತಾನೆ. ನಾನು ಪಟ್ಟಿಯನ್ನು ಮೂಗಿಗೆ ಹಿಡಿದು, ಕಣ್ಣು ಅರೆಮುಚ್ಚಿ, ರೆಪ್ಪೆಯ ಸಂದಿನಿಂದ ಅವನ ಹುಬ್ಬನ್ನು ಓದುತ್ತಿದ್ದೆ. ಎರಡು ವರ್ಷ ಒಂದೂ ತಪ್ಪಿಲ್ಲ. ಮೂಗಿದ್ದಾಗ ಸಿಗದಷ್ಟು ಹೊಗಳಿಕೆ ಮೂಗಿಲ್ಲದಾಗ ಸಿಕ್ಕಿತು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕ ರಿಪೇರಿ ಮಾಡುವ ಬೈಂಡಿಂಗ್ ಕೋಣೆ ಇದೆ. ಅಲ್ಲಿ ಮೂವತ್ತಾರು ವರ್ಷದಿಂದ ಅವಳು ಒಂದೇ ಮೇಜಿನ ಮುಂದೆ ಕೂತವಳು. ಬೆನ್ನು ಮುರಿದ ಪುಸ್ತಕವನ್ನು ಬಿಚ್ಚಿ, ಒಂದೊಂದು ಮಡಿಕೆಯನ್ನೂ ತೊಳೆದು ಒಣಗಿಸಿ, ಹರಿದಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ ಅಂಟಿಸಿ, ಮತ್ತೆ ದಾರ ಹಾಕಿ ಹೊಲಿಯುತ್ತಾಳೆ. ಅವಳು ಹಾಕಿದ ತೇಪೆಯನ್ನು ಬರೆದವನೇ ಎದ್ದು ಬಂದರೂ ಕಂಡುಹಿಡಿಯಲಾರ. ಇದು ಉತ್ಪ್ರೇಕ್ಷೆಯಲ್ಲ, ಅಕ್ಕನ ವಿಷಯದಲ್ಲಿ ನನಗೆ ಅದರ ಅಗತ್ಯ ಬಿದ್ದಿಲ್ಲ. ಆ ಬೆರಳುಗಳಿಂದಲೇ ಅವಳು ನನ್ನನ್ನು ಓದಿಸಿದಳು, ಮಗಳನ್ನು ಓದಿಸಿದಳು. ಕಳೆದ ಚಳಿಗಾಲದಲ್ಲಿ ಅವಳ ಹೆಬ್ಬೆರಳಿನ ಬುಡ ನೋಯಲು ಶುರುವಾಯಿತು. ಸಂಜೆಯ ಹೊತ್ತಿಗೆ ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ಹಳೆಯ ನಕ್ಷೆಗಳ ಒಂದು ಭಾರಿ ಪುಸ್ತಕ ಅವಳ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು, ಅರ್ಧ ಹೊಲಿದಾಗಿತ್ತು. ಅದು ಮುಗಿಯುವವರೆಗಾದರೂ ಕೈ ನಿಲ್ಲಲಿ ಎನ್ನುತ್ತಿದ್ದಳು.

ತಮ್ಮನಿರುವಾಗ ಅಕ್ಕನ ಕೈ ನೋಯುವುದುಂಟೇ?

ನಮ್ಮ ಭಟ್ಟಿಯಲ್ಲಿ ಒಂದು ಪದ್ಧತಿ. ಪ್ರತಿ ಹಂಡೆಯಿಂದ ಒಂದು ಪುಟ್ಟ ಸೀಸೆ ತೆಗೆದು, ತಾರೀಕು ಬರೆದು, ಕಪಾಟಿನಲ್ಲಿಡುತ್ತೇವೆ. ಮುಂದೆ ಯಾವ ಗಿರಾಕಿಯಾದರೂ ತಕರಾರು ತೆಗೆದರೆ ಈ ಸೀಸೆ ಸಾಕ್ಷಿ ಹೇಳಬೇಕು. ಅದಕ್ಕೇ ಸಾಕ್ಷಿ ಸೀಸೆ ಎಂದು ಹೆಸರು. ಅದನ್ನು ಹೊರಗೆ ಒಯ್ಯುವಂತಿಲ್ಲ. ಆ ಕಪಾಟಿನ ನಡುವಿನ ಸಾಲಿನಲ್ಲಿ ಏಳು ವರ್ಷದ ಹಿಂದಿನ ಒಂದು ಸೀಸೆ ರಾಜನ ಹಾಗೆ ನಿಂತಿತ್ತು. ಆ ಹಂಡೆಯನ್ನು ನಾನೇ ನಿಂತು ಇಳಿಸಿದ್ದೆ. ಅಂಥ ಎಣ್ಣೆ ಅದಕ್ಕೆ ಮೊದಲು ಇಳಿದಿರಲಿಲ್ಲ, ಆಮೇಲೂ ಇಳಿದಿಲ್ಲ. ಮೊದಲು ಹೂವಿನಂತೆ ಸಿಹಿ, ಹಿಂದೆಯೇ ಕಿತ್ತಳೆ ಸಿಪ್ಪೆ ಸುಲಿದ ಚುರುಕು, ಕೊನೆಯಲ್ಲಿ ಒಂದಿಷ್ಟು ಕರ್ಪೂರದ ತಂಪು. ಯಾರು ಭಟ್ಟಿ ನೋಡಲು ಬಂದರೂ ನಾನು ಅದರ ಬಿರಡೆ ತೆಗೆದು ಅವರ ಮೂಗಿಗೆ ಹಿಡಿದು 'ಇದು ನೋಡಿ ನನ್ನ ಕೈಗುಣ' ಎನ್ನುತ್ತಿದ್ದೆ. ಎಷ್ಟು ಸಲ ತೆಗೆದೆನೋ. ಸೀಸೆಯಲ್ಲಿ ಉಳಿದದ್ದು ಕಾಲು ಭಾಗ ಎಣ್ಣೆ, ಮುಕ್ಕಾಲು ಭಾಗ ಗಾಳಿ. ಊರಿಗೆಲ್ಲ ಹೊಸ ಎಣ್ಣೆ ಸಾಕು, ನನ್ನ ಅಕ್ಕನಿಗೆ ಇದೇ ಆಗಬೇಕು ಎಂದು, ತಾರೀಕಿನ ಚೀಟಿ ಕಿತ್ತು, ಅದನ್ನು ಜೇಬಿಗಿಳಿಸಿದೆ.

ಅಕ್ಕನ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದು ಗಂಟೆ ಭಾಷಣ ಕೊಟ್ಟೆ. ಪಿರಮಿಡ್ಡುಗಳ ದೇಶದಲ್ಲಿ ರಾಜನೊಬ್ಬನ ಗೋರಿಯೊಳಗೆ ಈ ಬೀಜ ಸಿಕ್ಕಿದೆ ಎಂದೆ. ನಿಜದಲ್ಲಿ ಸಿಕ್ಕಿದ್ದು ಒಂದೆರಡು ಬೊಗಸೆ. ನಾನು ಹೇಳುವಾಗ ಮೂರು ಗಾಡಿಯಾಯಿತು. ಹಿಂದೆ ಮಠದ ಸನ್ಯಾಸಿಗಳು ಇದನ್ನು ಬೇರೆ ಗಿಡಮೂಲಿಕೆಗಳ ಜೊತೆ ಇಳಿಸಿ ತಲೆನೋವಿಗೆ ಮಾರುತ್ತಿದ್ದರು, ಔಷಧಿ ಅಂಗಡಿಯವರು ಕಹಿ ಮದ್ದಿನ ಬಾಯಿ ಮುಚ್ಚಿಸಲು ಬೆರೆಸುತ್ತಿದ್ದರು, ಕೀಲುನೋವಿಗೆ ಹಚ್ಚುತ್ತಿದ್ದರು ಎಂದೆ. ಹಸಿ ಗಿಡಕ್ಕೆ ತಿಗಣೆಯ ವಾಸನೆ ಇರುತ್ತದೆ, ಅದೇ ಕಾಯಿ ಬಲಿತು ಒಣಗಿದರೆ ಈ ಪರಿಮಳ ಎಂದು ಹೇಳಿದಾಗ ಭಾವ, ಹಾಗಾದರೆ ನೀನಿನ್ನೂ ಹಸಿಯಾಗೇ ಇದ್ದೀಯಲ್ಲಯ್ಯ ಎಂದು ನಕ್ಕರು. ಅಕ್ಕ ಬಿರಡೆ ತೆಗೆದು ಮೂಸಿದಳು. ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಬೇರೆ ಎಣ್ಣೆಗೆ ಬೆರೆಸಿ ಹಚ್ಬೇಕಲ್ವೇನೋ? ನಿಮ್ಮ ಸೀಸೆ ಮೇಲೆಲ್ಲ ಹಾಗೇ ಬರ್ದಿರುತ್ತೆ."

"ಅದು ಹೊರಗಿನವರಿಗೆ ಬರೆಯೋದು ಅಕ್ಕ. ನನ್ನ ಕೈ ನೋಡು, ಮೂವತ್ತು ವರ್ಷದಿಂದ ಇದರಲ್ಲೇ ನೆಂದಿದೆ. ಒಂದು ಗುಳ್ಳೆ ಇದೆಯಾ ಹೇಳು."

ಇರಲಿಲ್ಲ. ಅಕ್ಕ ನಂಬಿದಳು. ದಿನಾ ಕೆಲಸದಿಂದ ಬಂದ ಮೇಲೆ ನಾಲ್ಕು ಹನಿ, ಹಾಗೆಯೇ, ಏನೂ ಬೆರೆಸದೆ, ಬೆರಳುಗಳಿಗೆ ತಿಕ್ಕಿಕೊಂಡಳು. ಮೊದಲ ಎರಡು ವಾರ ನೋವು ಕಮ್ಮಿ ಎಂದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೂರನೆಯ ವಾರ ಬೆರಳ ಸಂದಿಗಳಲ್ಲಿ ಕೆರೆತ. ಆಮೇಲೆ ಕೆಂಪು. ಆಮೇಲೆ ಸಾಸಿವೆಯಷ್ಟು ನೀರ್ಗುಳ್ಳೆಗಳು ಎದ್ದು, ಒಡೆದು, ಚರ್ಮ ಬಿರುಕು ಬಿಟ್ಟಿತು. ಬೈಂಡಿಂಗ್ ಕೋಣೆಯಲ್ಲಿ ಎಲ್ಲರೂ ಅಂಟಿನ ಕಡೆಗೇ ಬೊಟ್ಟು ಮಾಡಿದರು. ಅಲ್ಲಿ ಹಿಂದೆ ಇಬ್ಬರಿಗೆ ಅಂಟು ಆಗಿಬರದೆ ಕೈ ಕೆಟ್ಟಿತ್ತಂತೆ. ಗಾಯದ ಕೈಯಿಂದ ನೂರಾರು ವರ್ಷದ ಹಾಳೆ ಮುಟ್ಟುವಂತಿಲ್ಲವೆಂದು ಮೇಲ್ವಿಚಾರಕರು ಅವಳನ್ನು ಮೇಲಿನ ಕೌಂಟರಿಗೆ, ಪುಸ್ತಕಗಳಿಗೆ ಮುದ್ರೆ ಒತ್ತುವ ಜಾಗಕ್ಕೆ ಹಾಕಿದರು. ಸದ್ಯಕ್ಕೆ ಮಾತ್ರ, ಆದರೆ ಅಂಟೇ ಕಾರಣ ಎಂದು ಡಾಕ್ಟರು ಬರೆದುಕೊಟ್ಟರೆ ಆ ಮೇಜು ಕಾಯಂ ಆಗಿ ಬೇರೆಯವರಿಗೆ ಎಂದು ಮೆಲ್ಲನೆ ಹೇಳಿದರಂತೆ. ಅಕ್ಕ ಅಳುವವಳಲ್ಲ. ಅವತ್ತು ಮನೆಗೆ ಬಂದು ತನ್ನ ಸೂಜಿಗಳ ಡಬ್ಬಿಯನ್ನು ಬಿಚ್ಚಿ, ಒರೆಸಿ, ಮುಚ್ಚಿ, ಮತ್ತೆ ಬಿಚ್ಚಿದಳು ಎಂದು ಭಾವ ಹೇಳಿದರು.

ಚರ್ಮದ ಡಾಕ್ಟರಮ್ಮ ಗಟ್ಟಿ ಹೆಂಗಸು. ಕೈಗೆ ತಾಗುವುದೆಲ್ಲವನ್ನೂ ಸ್ವಲ್ಪ ಸ್ವಲ್ಪ ತನ್ನಿ, ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ನೋಡೋಣ ಎಂದರು. ಅಂಟು, ಕೈಗವಸು, ಸೋಪು, ದಾರಕ್ಕೆ ಹಚ್ಚುವ ಮೇಣ, ಆ ಎಣ್ಣೆ. ಅಕ್ಕ ಉಳಿದದ್ದೆಲ್ಲ ತಾನೇ ಕಟ್ಟಿಟ್ಟು, ಎಣ್ಣೆಯ ಸೀಸೆಯನ್ನು ನನ್ನ ಕೈಗೆ ಕೊಟ್ಟು ನೀನೇ ತಲುಪಿಸು, ಏನಾದರೂ ಕೇಳಿದರೆ ನಿನಗೇ ಗೊತ್ತು ಎಂದಳು. ನಾನು ಜೇಬಿಗೆ ಹಾಕುವಷ್ಟರಲ್ಲಿ ಭಾವ ಸೀಸೆ ಕಿತ್ತುಕೊಂಡು ಮೂಸಿದರು.

"ಏನಯ್ಯಾ ಇದು, ನಮ್ಮ ಡಿಪೋದ ಹಳೇ ಪೇಂಟ್ ಡಬ್ಬಿ ಇದ್ದ ಹಾಗಿದೆ. ಇದನ್ನೇನಾ ನೀನು ರಾಜರಿಗೆ ಮಾರೋದು?"

ನಾನು ನಕ್ಕೆ. ಡೀಸೆಲ್ ಕುಡಿದ ಮೂಗಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದೆ. ಬೀದಿಗೆ ಬಂದು ಮೂಲೆ ತಿರುಗಿದ ಮೇಲೆ ಮಾತ್ರ ಆ ಮಾತು ತಲೆಗೆ ಹತ್ತಿತು. ಪೇಂಟ್ ಡಬ್ಬಿ. ಎಣ್ಣೆ ಗಾಳಿ ತಿಂದರೆ ಹಾಗೇ ಆಗುತ್ತದೆ. ಹೊಸಬರಿಗೆ ನಾನೇ ಮೊದಲ ದಿನ ಕಲಿಸುವ ಪಾಠ ಅದು. ಮೂಗಿದ್ದವನು ಯಾವನೂ ಈ ಸೀಸೆಯನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಡಾಕ್ಟರಮ್ಮ ಬಿರಡೆ ತೆಗೆದರೆ ಕೇಳುತ್ತಾರೆ: ಇದು ಕೆಟ್ಟಿರುವುದು ನಿಮಗೆ ಗೊತ್ತಾಗಲಿಲ್ಲವೇ? ಆ ಪ್ರಶ್ನೆ ಆಸ್ಪತ್ರೆಯಿಂದ ಗ್ರಂಥಾಲಯಕ್ಕೆ, ಅಲ್ಲಿಂದ ಭಟ್ಟಿಗೆ, ಅಲ್ಲಿಂದ ಆ ಕುರ್ಚಿಗೆ ಬರುತ್ತದೆ.

ಭಟ್ಟಿಗೆ ಹೋದೆ. ಅದೇ ಅಳತೆಯ ಒಂದು ಸೀಸೆಯನ್ನು ತೊಳೆದು ಒಣಗಿಸಿ, ಹಿಂದಿನ ವಾರ ಇಳಿದ ಎಣ್ಣೆಯನ್ನು ಹಳೆಯದರಲ್ಲಿ ಉಳಿದಿದ್ದ ಮಟ್ಟಕ್ಕೇ ಅದಕ್ಕೆ ತುಂಬಿದೆ. ಅದೂ ಕೊತ್ತಂಬರಿ, ಇದೂ ಕೊತ್ತಂಬರಿ. ಒಂದೇ ಮನೆಯ ಅಣ್ಣ ತಮ್ಮಂದಿರು, ಯಾರನ್ನು ಕರೆದು ಕೇಳಿದರೇನು ಎಂದು ನನಗೇ ಸಮಜಾಯಿಷಿ ಹೇಳಿಕೊಂಡೆ. ಹಳೆಯದನ್ನು ನನ್ನ ಅಲಮಾರಿಯಲ್ಲಿ ಕಾಲುಚೀಲದೊಳಗೆ ಸುತ್ತಿಟ್ಟೆ. ಹೊಸದನ್ನು ಡಾಕ್ಟರಮ್ಮನಿಗೆ ಕೊಟ್ಟೆ, ಜೊತೆಗೆ ಗೋರಿಯ ಕಥೆಯನ್ನೂ ಕೊಟ್ಟೆ.

ಸೋಮವಾರ ಅಕ್ಕನ ಬೆನ್ನ ಮೇಲೆ ಪಟ್ಟಿಗಳು ಅಂಟಿದವು. ಎಣ್ಣೆಯನ್ನು ಹಾಗೇ ಹಚ್ಚುವುದಿಲ್ಲ, ನೂರಕ್ಕೆ ಎರಡು ಪಾಲಿನಂತೆ ವ್ಯಾಸಲೀನಿಗೆ ಬೆರೆಸಿ ಹಚ್ಚುತ್ತಾರೆ ಎಂದು ಅಲ್ಲಿ ನೋಡಿದೆ. ಎರಡು ದಿನ ಬೆನ್ನಿಗೆ ನೀರು ಸೋಕಿಸುವಂತಿಲ್ಲ, ಬಗ್ಗುವಂತಿಲ್ಲ. ಬುಧವಾರ ಪಟ್ಟಿ ಬಿಚ್ಚಿ ನೋಡಿದರು, ಶುಕ್ರವಾರ ಮತ್ತೆ ನೋಡಿದರು. ಎಣ್ಣೆ ಹಚ್ಚಿದ ಜಾಗ ಮಗುವಿನ ಕೆನ್ನೆಯ ಹಾಗೆ ಇತ್ತು. ಅಂಟಿನ ಜಾಗದಲ್ಲಿ ಒಂದು ಮಂಕು ಕೆಂಪು. ಖಚಿತವಲ್ಲ, ಆದರೆ ಬೇರೇನೂ ಕಾಣುತ್ತಿಲ್ಲವಾದ್ದರಿಂದ ಸದ್ಯಕ್ಕೆ ಅಂಟಿನ ಮೇಲೇ ಸಂಶಯ ಎಂದು ಡಾಕ್ಟರಮ್ಮ ಬರೆದರು. ಕೈ ಗುಣವಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ ಕೊನೆಯ ಪತ್ರ ಕೊಡುತ್ತೇನೆ ಎಂದರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಕ್ಕ ನನ್ನ ಭುಜ ತಟ್ಟಿದಳು. ನಿನ್ನ ಎಣ್ಣೆಯದೇನೂ ತಪ್ಪಿಲ್ಲವಂತೆ ಕಣೋ, ನನಗೆ ಅದೇ ಒಂದು ಸಮಾಧಾನ ಎಂದಳು. ತನ್ನ ಮೇಜು ಕೈಬಿಡುತ್ತಿರುವ ಹೊತ್ತಿನಲ್ಲಿ ನನ್ನ ಮಾನ ಉಳಿದದ್ದಕ್ಕೆ ಸಮಾಧಾನಪಟ್ಟವಳು ಅವಳು. ನಾನು ಜಗತ್ತಿನ ಅತಿ ದೊಡ್ಡ ಮಾತುಗಾರ. ಅವತ್ತು ಮೆಟ್ಟಿಲುಗಳನ್ನು ಎಣಿಸುತ್ತಾ ಇಳಿದೆ.

ಅಲ್ಲಿಗೇ ಮುಗಿದಿದ್ದರೂ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆನೇನೋ, ಅಂಥ ಜಾತಿಯವನು ನಾನು. ಆದರೆ ಎಣ್ಣೆ ಪರೀಕ್ಷೆ ಪಾಸು ಮಾಡಿತಲ್ಲ. ಡಾಕ್ಟರಮ್ಮ ವಾಪಸು ಕೊಟ್ಟ ಸೀಸೆಯನ್ನು ಅಕ್ಕ ತನ್ನ ಹಳೆಯ ಸೀಸೆಯೆಂದೇ ತಿಳಿದು, ಹೆಬ್ಬೆರಳಿನ ನೋವಿಗೆ ಮತ್ತೆ ಹಚ್ಚತೊಡಗಿದಳು. ಬಿರಿದ ಚರ್ಮದ ಮೇಲೆ, ಹಾಗೆಯೇ, ಏನೂ ಬೆರೆಸದೆ. ಮುಕ್ಕಾಲು ಖಾಲಿ ಸೀಸೆ, ಬಿರಡೆ ಸಡಿಲ, ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ. ಎರಡನೆಯ ವಾರ ಭಾವ ಭಟ್ಟಿಗೇ ಬಂದರು. ಬಾಗಿಲಲ್ಲಿ ನಿಂತು ಒಂದೂ ತಮಾಷೆ ಮಾಡದೆ, ನಿಮ್ಮಕ್ಕನಿಗೆ ಕಣ್ಣು ಬಿಡಲು ಆಗುತ್ತಿಲ್ಲ, ಬಾ ಎಂದರು.

ಮಧ್ಯಾಹ್ನದ ಹೊತ್ತು. ಪರದೆ ಎಳೆದಿತ್ತು. ಅಕ್ಕ ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿಸಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದಳು. ಎಣ್ಣೆಯ ಬೆರಳಿನಿಂದ ಕಣ್ಣುಜ್ಜಿಕೊಂಡಿದ್ದಾಳೆ. ಭಾವ ಬಟ್ಟೆ ಸರಿಸಿ ತೋರಿಸಿದರು, ರೆಪ್ಪೆಗಳು ಊದಿ ಕೆನ್ನೆಗೆ ಕೂಡಿಕೊಂಡಿದ್ದವು. ಕೈಗಳನ್ನು ಅಂಗೈ ಮೇಲಾಗಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಆ ಬೆರಳುಗಳನ್ನು ನಾನು ವರ್ಣಿಸುವುದಿಲ್ಲ. ಕೌಂಟರಿನಲ್ಲಿ ಮುದ್ರೆ ಒತ್ತಲೂ ಆಗದೆ ರಜೆ ಹಾಕಿದ್ದಾಳೆಂದು ಭಾವ ಹೇಳಿ, ಮಾತ್ರೆ ತರಲು ಹೊರಗೆ ಹೋದರು. ನಾವಿಬ್ಬರೇ ಉಳಿದೆವು.

ಮಾತು ಎಲ್ಲಿಂದ ಶುರು ಮಾಡಿದೆನೋ ನೆನಪಿಲ್ಲ. ಕಪಾಟಿನಿಂದ ಇರಬೇಕು. ಸಾಕ್ಷಿ ಸೀಸೆ ಹೊರಗೆ ತಂದದ್ದು, ಅದು ಏಳು ವರ್ಷದ್ದು, ಅದರಲ್ಲಿ ಎಣ್ಣೆಗಿಂತ ಗಾಳಿಯೇ ಹೆಚ್ಚಿದ್ದದ್ದು, ಡಾಕ್ಟರಮ್ಮನಿಗೆ ಬೇರೆಯದನ್ನು ಕೊಟ್ಟದ್ದು, ಈಗ ಕಿಟಕಿಯ ಕಟ್ಟೆಯ ಮೇಲಿರುವುದು ಆ ಬೇರೆಯದು ಎಂಬುದು. ಬಟ್ಟೆಯ ಕೆಳಗೆ ಅಕ್ಕನ ಮುಖ ಅಲುಗಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದಳು. ಆಗ ಉಳಿದದ್ದನ್ನೂ ಹೇಳಿದೆ. ಎರಡು ವರ್ಷ ಯಾರಿಗೂ ಹೇಳದ್ದನ್ನು ಒಂದು ಸಾಲಿನಲ್ಲಿ ಹೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಚಿಕ್ಕ ವಾಕ್ಯ ಆಡಿದ್ದು ಅದೇ ಮೊದಲು.

ಅವಳು ಕಣ್ಣ ಮೇಲಿನ ಬಟ್ಟೆಯನ್ನು ಮಣಿಕಟ್ಟಿನಿಂದ ಸರಿಪಡಿಸಿಕೊಂಡಳು.

"ಬಿರಡೆ ತೆಗೆದ ದಿನಾನೇ ವಾಸನೆ ಸರಿಯಿಲ್ಲ ಅನ್ನಿಸಿತ್ತು ನನಗೆ," ಎಂದಳು. "ನೀನು ಕೊಟ್ಟಿದ್ದು ಅಂದ್ಮೇಲೆ ನನ್ನ ಮೂಗಿಗೇ ಏನೋ ಆಗಿದೆ ಅಂದ್ಕೊಂಡೆ."

ಬಯ್ದಿದ್ದರೆ ನಾನು ತಿರುಗಿ ಏನಾದರೂ ಹೇಳಿ ಹಗುರಾಗುತ್ತಿದ್ದೆ. ಬಯ್ಯಲಿಲ್ಲ. ಹಳೆಯ ಸೀಸೆ ಎಲ್ಲಿದೆ ಎಂದು ಕೇಳಿದಳು. ಕಾಲುಚೀಲದಲ್ಲಿ ಎಂದೆ. ಸುಮ್ಮನಿದ್ದರೆ ನನ್ನ ಮೇಜು ಹೋಗುತ್ತಿತ್ತು ಎನ್ನುವುದು ಗೊತ್ತಿತ್ತಲ್ಲ ನಿನಗೆ ಎಂದು ಕೇಳಿದಳು. ಗೊತ್ತಿತ್ತು ಎಂದೆ.

"ನಾಳೆ ಡಾಕ್ಟರ ಹತ್ರ ನೀನೇ ಹೇಳ್ತೀಯ. ನಾನು ಪಕ್ಕದಲ್ಲಿ ಕೂತಿರ್ತೀನಿ. ಒಂದು ಮಾತು ಜಾಸ್ತಿ ಆಗಬಾರದು, ಒಂದು ಮಾತು ಕಮ್ಮಿ ಆಗಬಾರದು."

ಹೇಳಿದೆ. ಗೋರಿಯಿಲ್ಲ, ಸನ್ಯಾಸಿಗಳಿಲ್ಲ. ಡಾಕ್ಟರಮ್ಮ ಹಳೆಯ ಸೀಸೆಯ ಬಿರಡೆ ತೆಗೆದು, ಮುಖ ಹಿಂದಕ್ಕೆ ತೆಗೆದುಕೊಂಡು, ಮೊದಲು ಅಕ್ಕನನ್ನೂ ಆಮೇಲೆ ನನ್ನನ್ನೂ ನೋಡಿದರು. ಸಿಟ್ಟಿನಲ್ಲಿ ಬರೆದ ಪೆನ್ನಿಗೆ ಕಾಗದ ಹರಿಯಿತು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಈ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನಲೂಲ್ ಎಂಬ ಒಂದೇ ವಸ್ತು. ಹೊಸದಿದ್ದಾಗ, ತೆಳು ಮಾಡಿ ಹಚ್ಚಿದರೆ, ಅದು ಸಾಧು. ಬಹಳ ಜನಕ್ಕೆ ಏನೂ ಮಾಡುವುದಿಲ್ಲ. ಗಾಳಿ ತಾಗಿ ತಾಗಿ ಅದು ಬೇರೆಯದೇ ಆಗುತ್ತದೆ, ಚರ್ಮವನ್ನು ಕೆರಳಿಸುತ್ತದೆ. ಚರ್ಮ ಒಮ್ಮೆ ಅದನ್ನು ಶತ್ರುವೆಂದು ಗುರುತು ಹಿಡಿದರೆ ಆಮೇಲೆ ಮರೆಯುವುದಿಲ್ಲ. ಹೊಸ ಎಣ್ಣೆಯಲ್ಲಿ ಅದರ ಎಳೆ ಇದ್ದರೂ ಸಾಕು, ಒಡೆದ ಕೈಯ ಮೇಲೆ ಅದು ಬೆಂಕಿ. ಚಿಕ್ಕ ಸೀಸೆಯಲ್ಲಿ ಕಂಠದವರೆಗೆ ತುಂಬಿಡಬೇಕು, ಬಿರಡೆ ಬಿಗಿಯಬೇಕು, ತಂಪಿನಲ್ಲಿ ಕತ್ತಲಲ್ಲಿ ಇಡಬೇಕು, ತೆರೆದ ತಾರೀಕು ಬರೆಯಬೇಕು. ಒಂದು ಚಮಚ ಸಾದಾ ಎಣ್ಣೆಗೆ ಎರಡು ಹನಿ, ಅದಕ್ಕಿಂತ ಹೆಚ್ಚಿಲ್ಲ. ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಒಂದು ಚುಕ್ಕೆ ಹಚ್ಚಿ ಒಂದೆರಡು ದಿನ ಕಾಯಬೇಕು. ಕಣ್ಣಿನ ಹತ್ತಿರ ಬೇಡ, ಒಡೆದ ಚರ್ಮಕ್ಕೆ ಬೇಡ, ಮಕ್ಕಳ ಕೈಗೆ ಬೇಡ, ಕುಡಿಯುವುದಂತೂ ಬೇಡವೇ ಬೇಡ.

ಇದೆಲ್ಲ ನಮ್ಮ ಲೇಬಲ್ಲಿನಲ್ಲೇ ಇದೆ. ಮೂವತ್ತು ವರ್ಷ, ಲಕ್ಷ ಸೀಸೆಗಳಿಗೆ ನಾನೇ ಅಂಟಿಸಿದ್ದೇನೆ. ಲಕ್ಷ ಎನ್ನುವುದು ಈ ಸಲ ಸುಳ್ಳಲ್ಲ.

ಊತ ಇಳಿದು ಬೆನ್ನು ಪರೀಕ್ಷೆಗೆ ಸಿದ್ಧವಾಗಲು ಐದು ವಾರ ಹಿಡಿಯಿತು. ಆ ಐದು ವಾರ ಅಕ್ಕ ಮನೆಯಲ್ಲಿ ಎರಡು ಕೈಗೂ ಹತ್ತಿಯ ಕೈಗವಸು ಹಾಕಿಕೊಂಡು ಕೂತಿದ್ದಳು. ಬೈಂಡಿಂಗ್ ಕೋಣೆಯಲ್ಲಿ ಬೇರೊಬ್ಬಳು ಅವಳ ಮೇಜಿಗೆ ಕೂತು ನಕ್ಷೆಯ ಪುಸ್ತಕದ ಮುಂದಿನ ಮಡಿಕೆಗಳನ್ನು ಹೊಲಿಯಲು ಶುರು ಮಾಡಿದ್ದಳೆಂದು ಸುದ್ದಿ ಬಂತು. ಹೊಲಿಗೆ ಹೇಗಿದೆಯಂತೆ ಎಂದು ಅಕ್ಕ ಕೇಳಿದಳು. ಬಿಗಿಯಂತೆ ಎಂದೆ. ಆ ಕಾಗದಕ್ಕೆ ಬಿಗಿ ಆಗಿಬರುವುದಿಲ್ಲ ಎಂದು ಗೋಡೆಯ ಕಡೆ ತಿರುಗಿದಳು.

ನಡುವೆ ನಾನು ಯಜಮಾನಿಯ ಮುಂದೆಯೂ ನಿಂತೆ. ಅವರು ಕೇಳಿಸಿಕೊಂಡು, ಕನ್ನಡಕ ತೆಗೆದು, ಎರಡು ವರ್ಷ ಯಾರ ಮೂಗನ್ನು ನಂಬಿ ನಾನು ಎಣ್ಣೆ ಕಳಿಸಿದೆ ಎಂದು ಕೇಳಿದರು. ಸೀಟಿಯ ಹುಬ್ಬನ್ನು ಎಂದೆ. ಸೀಟಿಯನ್ನು ಕರೆಸಿದರು. ಅವನು ಒಳಗೆ ಬಂದು ನೆಲ ನೋಡುತ್ತಾ ನಿಂತ.

"ಇವನು ನನ್ನ ಮುಖ ನೋಡ್ತಿದ್ದ ಅಂತ ಗೊತ್ತಿತ್ತಮ್ಮ," ಅಂದ. "ಅದಕ್ಕೇ ಹುಬ್ಬನ್ನ ಸ್ವಲ್ಪ ಜೋರಾಗೇ ಎತ್ತುತ್ತಿದ್ದೆ."

ಅವತ್ತಿನಿಂದ ಆ ಕುರ್ಚಿ ಸೀಟಿಯದು. ನಾನು ಹಬೆಯ ಕವಾಟ ತಿರುಗಿಸುತ್ತೇನೆ, ಬೀಜ ಜಜ್ಜುತ್ತೇನೆ. ಸೀಟಿ ಕುರ್ಚಿಯಲ್ಲಿ ಕೂತಾಗ ಸಿಳ್ಳೆ ಹಾಕುವುದಿಲ್ಲ, ಅದೊಂದು ಬೇಜಾರು.

ಎರಡನೆಯ ಪರೀಕ್ಷೆಯ ಶುಕ್ರವಾರ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಭಾವ ಒಳಗಿಂದ ಬಂದು ಹೇಳಿದರು. ಅಂಟಿನ ಜಾಗ ಶುದ್ಧ. ಮೊದಲ ಸಲದ ಕೆಂಪು, ಕೆರಳಿದ ಚರ್ಮದ ಸಿಟ್ಟು ಮಾತ್ರವಂತೆ. ಹೊಸ ಎಣ್ಣೆಯ ಜಾಗದಲ್ಲಿ ಸ್ವಲ್ಪ ಕೆಂಪು. ಹಳೆಯ ಸೀಸೆಯ ಜಾಗದಲ್ಲಿ ಚರ್ಮ ಗುಳ್ಳೆಯೆದ್ದು ಬಾತಿದೆ. ಡಾಕ್ಟರಮ್ಮ ಅಂಟನ್ನು ಬಿಡುಗಡೆ ಮಾಡಿ ಗ್ರಂಥಾಲಯಕ್ಕೆ ಪತ್ರ ಬರೆದರು. ಅಕ್ಕನಿಗೆ ಮೇಜು ಉಳಿಯಿತು.

ಜೊತೆಗೆ ಇನ್ನೊಂದು ಚೀಟಿಯನ್ನೂ ಕೊಟ್ಟರು. ಲಿನಲೂಲ್ ಕೊತ್ತಂಬರಿಯಲ್ಲಿ ಮಾತ್ರ ಇರುವುದಲ್ಲ. ಸೋಪಿನಲ್ಲಿ, ಶಾಂಪೂವಿನಲ್ಲಿ, ಬಟ್ಟೆ ಒಗೆಯುವ ಪುಡಿಯಲ್ಲಿ, ಕ್ರೀಮಿನಲ್ಲಿ, ಅತ್ತರಿನಲ್ಲಿ, ಎಲ್ಲೆಲ್ಲೂ ಕೂತಿರುತ್ತದೆ. ಪ್ರತಿಯೊಂದರ ಹಿಂದಿನ ಸಣ್ಣ ಅಕ್ಷರ ಓದಿ ಕೊಳ್ಳಬೇಕು, ಜೀವನಪೂರ್ತಿ. ಮನೆಯ ಅರ್ಧ ಸಾಮಾನು ಮೂಟೆ ಕಟ್ಟಿ ಹೊರಗೆ ಹೋಯಿತು. ಚೀಟಿಯಲ್ಲಿ ಬರೆಯದ ಒಂದು ವಸ್ತು ಬಾಗಿಲಲ್ಲೇ ನಿಂತಿತ್ತು: ನಾನು. ಮೂವತ್ತು ವರ್ಷ ಎಣ್ಣೆಯಲ್ಲಿ ನೆಂದ ಕೈ ಎಂದು ನಾನೇ ತಾನೇ ಹೇಳಿದ್ದು. ಅಂಗಿ, ಕೂದಲು, ಉಗುರ ಸಂದಿ, ಎಲ್ಲ ಅದೇ. ದೂರದಿಂದ ಬರುವ ವಾಸನೆಗೆ ಹೆದರಬೇಡಿ, ಚರ್ಮಕ್ಕೆ ತಾಗದಿದ್ದರೆ ಸಾಕು ಎಂದು ಡಾಕ್ಟರಮ್ಮ ಅಕ್ಕನಿಗೆ ಹೇಳಿದ್ದಾರೆ. ಅಕ್ಕ ತಲೆಯಾಡಿಸಿದಳು. ಆದರೆ ಐದು ವಾರ ಕೈ ಮುಚ್ಚಿಕೊಂಡು ಕೂತವಳಿಗೆ 'ಸಾಕು' ಎನ್ನುವ ಮಾತು ಸಾಲುವುದಿಲ್ಲ.

ಹೋದ ವಾರ ಬೈಂಡಿಂಗ್ ಕೋಣೆಗೆ ಹೋದೆ. ವಾಸನೆಯಿಲ್ಲದ ಸೋಪಿನಲ್ಲಿ ಎರಡು ಸಲ ಸ್ನಾನ ಮಾಡಿ, ಭಟ್ಟಿಯ ಹೊಸ್ತಿಲು ಎಂದೂ ತುಳಿಯದ ಹೊಸ ಅಂಗಿ ಹಾಕಿಕೊಂಡು ಹೋದೆ. ಅವಳು ತನ್ನ ಮೇಜಿನ ಮುಂದಿದ್ದಳು. ಬೆರಳುಗಳ ಮೇಲೆ ಇನ್ನೂ ತೆಳು ಗುಲಾಬಿ ಗುರುತುಗಳು. ಆ ಇನ್ನೊಬ್ಬಳು ಬಿಗಿಯಾಗಿ ಹಾಕಿದ್ದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಅವನ್ನೇ ಮತ್ತೆ ಹೊಲಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ತಲೆಯೆತ್ತಿ ನೋಡಿದಳು, ಸೂಜಿಯನ್ನು ಮೇಣದ ಉಂಡೆಗೆ ಚುಚ್ಚಿಟ್ಟಳು.

ನನ್ನ ಮೈಮೇಲೆ ಏನಿದೆ, ಏನಿಲ್ಲ ಎಂದು ನನಗೆ ಗೊತ್ತಾಗುವ ದಾರಿಯೇ ಇಲ್ಲ. ಕೇಳಲೇಬೇಕು.

"ಅಕ್ಕ, ವಾಸನೆ ಬರ್ತಿದೆಯಾ?"

ಅವಳು ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. ನನಗೆ ನೋವಾಗದಂತೆ ಏನಾದರೂ ಹೇಳುತ್ತಾಳೆ ಅಂದುಕೊಂಡೆ.

"ಬರ್ತಿದೆ," ಎಂದಳು. "ಅಲ್ಲೇ ನಿಂತು ಮಾತಾಡು."

ನಾನು ಅಲ್ಲೇ ನಿಂತೆ. ಅವಳು ಸೂಜಿ ತೆಗೆದುಕೊಂಡಳು.